ತಾಳವಿಲ್ಲದ ಲಯ: ‘ಬಾಬಿ’ ಕುರಿತು ಓದುಗರ ಪ್ರಶ್ನೆಗಳು

ಅಮೆರಿಕದ ಡ್ರಮ್ ವಾದಕ ಮಿಲ್ಫರ್ಡ್ ಗ್ರೇವ್ಸ್ ಅವರ ‘ಬಾಬಿ’ ಎಂಬ ಧ್ವನಿಮುದ್ರಿಕೆಯನ್ನು ಕೇಳಿ ನೋಡಿರೆಂದು ಕಳೆದ ತಿಂಗಳು ಈ ಅಂಕಣದಲ್ಲಿ ಸೂಚಿಸಿದ್ದೆ. 1976ರ ಮಾರ್ಚ್ 20ರಂದು ನ್ಯೂಯಾರ್ಕಿನ ಡಬ್ಲ್ಯು.ಬಿ.ಎ.ಐ. ಬಾನುಲಿ ಕೇಂದ್ರದ ಸಂಗೀತ ಕಚೇರಿಯಲ್ಲಿ ನೇರವಾಗಿ ಮುದ್ರಣಗೊಂಡು, ಮರುವರ್ಷ ಎಲ್‌ಪಿಯಾಗಿ ಹೊರಬಂದ ಈ ಫ್ರೀ ಜಾಝ್ (ಮೊದಲೇ ಕಟ್ಟಿಟ್ಟ ಚೌಕಟ್ಟುಗಳನ್ನು ಬಿಟ್ಟು ನುಡಿಸುವ ಜಾಝ್) ಮುದ್ರಿಕೆಯಲ್ಲಿ ಗ್ರೇವ್ಸ್ ಅವರೊಂದಿಗೆ ಆರ್ಥರ್ ಡಾಯ್ಲ್ ಮತ್ತು ಹ್ಯೂ ಗ್ಲೋವರ್ ಎಂಬ ಇಬ್ಬರು ಸುಷಿರವಾದ್ಯಗಾರರು ಮಾತ್ರ ಇದ್ದಾರೆ. ಪಿಯಾನೊ ಇಲ್ಲ, ಬಾಸ್ ಇಲ್ಲ. ‘ಬಾ’, ‘ಬಿ’, ‘ಬಾಬಿ’ ಎಂಬುವು ಅದರ ಮೂರು ಭಾಗಗಳು. ಬಂದ ಪತ್ರಗಳಲ್ಲಿ ಮೆಚ್ಚುಗೆಗಿಂತ ಗೊಂದಲವೂ, ಒಂದಿಷ್ಟು ಸಿಟ್ಟೂ ಹೆಚ್ಚಾಗಿದ್ದವು. ಅವುಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಎಂಟು ವರ್ಷಗಳಿಂದ ಮೃದಂಗ ಕಲಿಯುತ್ತಿದ್ದೇನೆ. ‘ಬಾಬಿ’ಯನ್ನು ಕೇಳುತ್ತ ಕೈಯಲ್ಲಿ ತಾಳ ಹಾಕಲು ಪ್ರಯತ್ನಿಸಿದೆ; ಎಲ್ಲಿಯೂ ಸಮ ಸಿಗಲಿಲ್ಲ. ಇದಕ್ಕೆ ತಾಳವೇ ಇಲ್ಲವೇ? ಇಲ್ಲವಾದರೆ ಮೂವರು ಒಟ್ಟಿಗೆ ನುಡಿಸುವುದಾದರೂ ಹೇಗೆ?
— ಮೃದಂಗ ವಿದ್ಯಾರ್ಥಿನಿ, ಮೈಸೂರು

ಉತ್ತರ: ತಾಳವಿಲ್ಲ. ಆದಿತಾಳದ ಎಂಟು ಅಕ್ಷರಗಳಂತೆ ಮರಳಿ ಮರಳಿ ಬರುವ ಆವರ್ತನವಾಗಲಿ, ಹಳೆಯ ಜಾಝ್‌ನಲ್ಲಿ ಹಾಡಿನ ಉದ್ದವನ್ನು ಕಟ್ಟಿಕೊಡುತ್ತಿದ್ದ ಹನ್ನೆರಡು ಅಥವಾ ಮೂವತ್ತೆರಡು ಬಾರ್‌ಗಳ ಚೌಕಟ್ಟಾಗಲಿ ಇದರಲ್ಲಿ ಸಿಗುವುದಿಲ್ಲ; ಆದ್ದರಿಂದ ಸಮ ಸಿಗದಿರುವುದಕ್ಕೆ ನಿಮ್ಮ ಕಿವಿಯನ್ನಾಗಲಿ ನಿಮ್ಮ ಗುರುಗಳ ಪಾಠವನ್ನಾಗಲಿ ದೂರಬೇಕಾಗಿಲ್ಲ. ಆದರೆ ತಾಳವಿಲ್ಲ ಎಂದ ಮಾತ್ರಕ್ಕೆ ಲಯವಿಲ್ಲ ಎಂದಾಗುವುದಿಲ್ಲ, ಮತ್ತು ಈ ವ್ಯತ್ಯಾಸವು ಬೇರೆ ಯಾರಿಗಿಂತಲೂ ಕರ್ನಾಟಕ ಸಂಗೀತ ಬಲ್ಲವರಿಗೆ ಬೇಗ ತಿಳಿಯಬೇಕು. ರಾಗ-ತಾನ-ಪಲ್ಲವಿಯ ತಾನವನ್ನು ನೆನಪಿಸಿಕೊಳ್ಳಿ. ನಿಮ್ಮೂರಿನ ವೈಣಿಕ ಪರಂಪರೆ ತಾನಕ್ಕೆ ಕೊಟ್ಟಿರುವ ಮಹತ್ವವನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ತಾನ ನುಡಿಸುವಾಗ ಯಾರೂ ತಾಳ ಹಾಕುವುದಿಲ್ಲ. ಆದರೂ ಮೀಟಿನಿಂದ ಮೀಟಿಗೆ ಒಂದು ಓಟವಿರುತ್ತದೆ, ಆ ಓಟ ಬಿಗಿಯಾಗುತ್ತದೆ, ಸಡಿಲಗೊಳ್ಳುತ್ತದೆ, ಮೂರು, ನಾಲ್ಕು, ಐದು ಮೀಟುಗಳ ಗುಂಪುಗಳಾಗಿ ಒಡೆದು ಮತ್ತೆ ಕೂಡಿಕೊಳ್ಳುತ್ತದೆ. ಕೇಳುತ್ತಿರುವವರ ತಲೆ ತಾನಾಗಿಯೇ ತೂಗುತ್ತದೆ, ಆದರೆ ಯಾವ ಎಣಿಕೆಗೆ ತೂಗುತ್ತಿದೆ ಎಂದು ಕೇಳಿದರೆ ಹೇಳಲು ಬಾರದು.

‘ಬಾಬಿ’ಯನ್ನು ತಾನಕ್ಕೆ ಹೋಲಿಸುವಾಗ ಎರಡು ಎಚ್ಚರಿಕೆಗಳು ಬೇಕು. ತಾನಕ್ಕೆ ರಾಗದ ಆಸರೆಯಿದೆ, ಇಲ್ಲಿ ಅದಿಲ್ಲ. ಎರಡನೆಯದು ಹೆಚ್ಚು ಮುಖ್ಯ: ತಾನದಲ್ಲಿ ಓಟ ಒಂದೇ, ಗ್ರೇವ್ಸ್ ಅವರಲ್ಲಿ ಓಟಗಳು ಹಲವು. ಬಲಗೈ ಸಿಂಬಲ್ (ಲೋಹದ ತಟ್ಟೆ) ಮೇಲೆ ಒಂದು ವೇಗದಲ್ಲಿ ಸಾಗುತ್ತಿರುವಾಗ ಎಡಗೈ ಟಾಮ್‌ಗಳ (ಸೆಟ್ಟಿನಲ್ಲಿರುವ ಚಿಕ್ಕ-ದೊಡ್ಡ ಡ್ರಮ್‌ಗಳ) ಮೇಲೆ ಇನ್ನೊಂದು ವೇಗದಲ್ಲಿ ಉರುಳುತ್ತದೆ. ಬಾಸ್ ಡ್ರಮ್ಮಿನ ಪಾದ ಮತ್ತು ಹೈ-ಹ್ಯಾಟ್‌ನ (ಕಾಲಿನಿಂದ ತಟ್ಟಿಸುವ ಜೋಡಿ ಸಿಂಬಲ್‌ನ) ಪಾದ ತಮ್ಮ ತಮ್ಮ ಹಾದಿ ಹಿಡಿದಿರುತ್ತವೆ. ಇವುಗಳಲ್ಲಿ ಯಾವುದೂ ಮತ್ತೊಂದರ ದ್ವಿಕಾಲವೋ ತ್ರಿಕಾಲವೋ ಆಗಿರಬೇಕೆಂಬ ನಿಯಮವಿಲ್ಲ. ನಾವು ಕಾಲಪ್ರಮಾಣ ಎನ್ನುವುದು ಒಂದು ಸ್ಥಿರವಾದ ಅಳತೆ. ಎಷ್ಟೇ ತೊಡಕಿನ ನಡೆಭೇದ ಮಾಡಿದರೂ ಅದು ಆ ಅಳತೆಯನ್ನು ಭಾಗಿಸುತ್ತದೆಯೇ ಹೊರತು ಅಲುಗಾಡಿಸುವುದಿಲ್ಲ. ಗ್ರೇವ್ಸ್ ಆ ಅಳತೆಯನ್ನೇ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ತನಿ ಆವರ್ತನದ ಕೊನೆಯಲ್ಲಿ ಮುಕ್ತಾಯದ ಲೆಕ್ಕಗಳಾದ ಮೋಹರಾ ಮುಗಿದು ಕೋರ್ವೆ ಬಂದು ಎಡುಪಿಗೆ, ಅಂದರೆ ಹಾಡು ಶುರುವಾಗುವ ಜಾಗಕ್ಕೆ, ಸೇರುವಾಗ ಸಭೆಗೆ ಸಿಗುವ ಸಂತೋಷವು ಲೆಕ್ಕ ಕೂಡಿಬಂದುದರ ಸಂತೋಷ. ಅದು ಇಲ್ಲಿ ಸಿಗುವುದೇ ಇಲ್ಲ, ಅದನ್ನು ಕಾಯುತ್ತ ಕುಳಿತರೆ ನಿರಾಶೆಯೇ ಗತಿ.

ಹಾಗಾದರೆ ಮೂವರು ಕೂಡಿಕೊಳ್ಳುವುದು ಯಾವುದರ ಮೇಲೆ? ನನ್ನ ತಿಳಿವಳಿಕೆಯಂತೆ ಉಸಿರಿನ ಮೇಲೆ, ನಾದದ ದಟ್ಟಣೆಯ ಮೇಲೆ. ಡಾಯ್ಲ್ ಟೆನರ್ ಸ್ಯಾಕ್ಸೋಫೋನಿನಲ್ಲಿ ಒಂದು ಉಸಿರಿಗೆ ಎಷ್ಟು ದೂರ ಹೋಗಬಹುದೋ ಅಷ್ಟು ದೂರ ಹೋಗುತ್ತಾರೆ. ವಾದ್ಯದೊಳಗೇ ಕೂಗುತ್ತ ನುಡಿಸುವುದರಿಂದ ಮನುಷ್ಯನ ಗಂಟಲೂ ಲೋಹದ ನಾದವೂ ಬೆರೆತುಹೋಗಿರುತ್ತವೆ. ಆ ಉಸಿರು ಮುಗಿಯುವ ಹೊತ್ತಿಗೆ ಡ್ರಮ್ಮಿನ ಅಲೆಯೂ ಮೇಲಕ್ಕೇರಿ ಇಳಿಯತೊಡಗಿರುತ್ತದೆ, ಅಥವಾ ಬೇಕೆಂದೇ ಇಳಿಯದೆ ಮುಂದಿನ ಉಸಿರನ್ನು ಬೇಗ ಎಳೆದುಕೊಳ್ಳುವಂತೆ ಒತ್ತಾಯಿಸುತ್ತದೆ. ಪೆಟ್ಟುಗಳು ಒತ್ತೊತ್ತಾಗಿ ಬಿದ್ದಾಗ ಊದುವವರು ಮೇಲಿನ ಸ್ಥಾಯಿಗೆ ಏರುತ್ತಾರೆ. ಪೆಟ್ಟುಗಳು ವಿರಳವಾಗಿ ಬಾಯಿಯ ಕೂಗೋ ಗಂಟೆಯ ಸದ್ದೋ ಮುಂದೆ ಬಂದಾಗ ಅವರೂ ಕೆಳಗಿಳಿಯುತ್ತಾರೆ. ಎಣಿಸುವುದನ್ನು ಬಿಟ್ಟು ಹೀಗೆ ಏರಿಳಿತವನ್ನೇ ಹಿಡಿದು ಕೇಳಿದರೆ ಎಲ್ಲಿ ಒಬ್ಬರು ಮತ್ತೊಬ್ಬರಿಗೆ ಓಗೊಟ್ಟರು, ಎಲ್ಲಿ ಕೊಡಲಿಲ್ಲ ಎಂಬುದು ಕಾಣಿಸತೊಡಗುತ್ತದೆ. ಮೊದಲ ಸಲ ಸ್ಯಾಕ್ಸೋಫೋನನ್ನು ಕಿವಿಯಿಂದ ಆದಷ್ಟು ಹೊರಗಿಟ್ಟು, ತಗ್ಗು ಸ್ಥಾಯಿಯ ಟಾಮ್‌ಗಳನ್ನು ಮಾತ್ರ ಅನುಸರಿಸಿ. ಎಡಂತಲೆಯ (ಮೃದಂಗದ ಎಡಬದಿಯ) ಗುಮಕಿಗೆ ಪಳಗಿದ ನಿಮ್ಮ ಕಿವಿಗೆ ಅಲ್ಲಿ ಪರಿಚಯದ ಏನೋ ಒಂದು ದೊರೆಯುತ್ತದೆ. ಅದಕ್ಕೆ ಕಾರಣವೂ ಇದೆ, ಮುಂದಿನ ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರಿಸುವಾಗ ಅದನ್ನು ಹೇಳುತ್ತೇನೆ.

ಪ್ರಶ್ನೆ: ನಮ್ಮ ಕಡೆ ತಬಲಾ ಎಂದರೆ ಸಾಥ್. ಗಾಯಕರ ಹೆಸರಿನಲ್ಲಿ ಕಛೇರಿ ನಡೆಯುತ್ತದೆ. ಈ ಮುದ್ರಿಕೆಯಲ್ಲಿ ಸ್ಯಾಕ್ಸೋಫೋನ್ ಇದ್ದೂ ಡ್ರಮ್ ನುಡಿಸುವವರೇ ಮುಖ್ಯಸ್ಥರೆನ್ನುವುದು ಹೆಸರಿಗೆ ಮಾತ್ರವೋ, ನಿಜಕ್ಕೂ ಹಾಗೆಯೋ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಧಾರವಾಡ

ಉತ್ತರ: ಹೆಸರಿಗೆ ಮಾತ್ರ ಮುಖ್ಯಸ್ಥರಾದ ಡ್ರಮ್ ವಾದಕರೂ ಜಾಝ್‌ನಲ್ಲಿ ಇದ್ದರು, ನಿಜವಾಗಿ ತಂಡ ಕಟ್ಟಿದವರೂ ಇದ್ದರು. 1930ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಸೆವಾಯ್ ಬಾಲ್‌ರೂಮಿನಲ್ಲಿ ನರ್ತಕರನ್ನು ಕುಣಿಸಿದ ಚಿಕ್ ವೆಬ್, ದಶಕಗಳ ಕಾಲ ‘ಜಾಝ್ ಮೆಸೆಂಜರ್ಸ್’ ತಂಡವನ್ನು ನಡೆಸಿ ಎಷ್ಟೋ ಯುವ ವಾದಕರನ್ನು ಬೆಳೆಸಿದ ಆರ್ಟ್ ಬ್ಲೇಕಿ, ಮ್ಯಾಕ್ಸ್ ರೋಚ್ — ಇವರೆಲ್ಲ ನಿಸ್ಸಂಶಯವಾಗಿ ನಾಯಕರೇ. ಆದರೆ ಅವರು ಎಷ್ಟೇ ದೊಡ್ಡವರಾಗಿದ್ದರೂ ಸಂಗೀತದ ಒಳಗೆ ಅವರಿಗಿದ್ದ ಕರ್ತವ್ಯ ಒಂದಿತ್ತು: ಕಾಲವನ್ನು ಕಾಯುವುದು. ಆ ಕಾವಲು ಎಲ್ಲಿಂದ ನಡೆಯುತ್ತಿತ್ತು ಎಂಬುದು ಕಾಲಕಾಲಕ್ಕೆ ಬದಲಾಯಿತು. ಮೊದಲು ಬಾಸ್ ಡ್ರಮ್ಮು ನಾಲ್ಕೂ ಎಣಿಕೆಯನ್ನು ಬಡಿಯುತ್ತಿತ್ತು. 1940ರ ಸುಮಾರಿಗೆ ಕೆನ್ನಿ ಕ್ಲಾರ್ಕ್ ಆ ಕೆಲಸವನ್ನು ರೈಡ್ ಸಿಂಬಲ್‌ಗೆ ವರ್ಗಾಯಿಸಿ, ಬಾಸ್ ಡ್ರಮ್ಮನ್ನು ಅನಿರೀಕ್ಷಿತ ಪೆಟ್ಟುಗಳಿಗಾಗಿ ಬಿಡುವು ಮಾಡಿಕೊಟ್ಟರು. ಬೀಬಾಪ್ ಎಂಬ ಶೈಲಿ ಅರ್ಧಕ್ಕರ್ಧ ಈ ಬದಲಾವಣೆಯ ಮೇಲೆಯೇ ನಿಂತಿದೆ ಎಂದರೂ ತಪ್ಪಾಗದು. 1960ರ ಡಿಸೆಂಬರಿನಲ್ಲಿ ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ ಎರಡು ನಾಲ್ವರ ತಂಡಗಳನ್ನು ಒಟ್ಟಿಗೆ ಕೂರಿಸಿ ‘ಫ್ರೀ ಜಾಝ್’ ಎಂಬ ಮುದ್ರಿಕೆ ಮಾಡಿ ಈ ಪ್ರಕಾರಕ್ಕೆ ಹೆಸರು ಕೊಟ್ಟಾಗಲೂ ಡ್ರಮ್ ವಾದಕರಾದ ಬಿಲ್ಲಿ ಹಿಗಿನ್ಸ್, ಎಡ್ ಬ್ಲ್ಯಾಕ್‌ವೆಲ್ ಇಬ್ಬರೂ ಕಾಲವನ್ನು ಕಾಯುತ್ತಲೇ ಇದ್ದರು. ಆ ಕಾವಲನ್ನು ಬಿಟ್ಟುಕೊಟ್ಟವರಲ್ಲಿ ಮೊದಲಿಗರು ಸನ್ನಿ ಮರ್ರೇ. 1962ರಲ್ಲಿ ಕೋಪನ್‌ಹೇಗನ್ನಿನ ಕೆಫೆ ಮಾನ್‌ಮಾರ್ತ್‌ನಲ್ಲಿ ಸೆಸಿಲ್ ಟೇಲರ್ ಅವರ ಪಿಯಾನೊ ಜೊತೆಗೆ ಅವರು ನುಡಿಸಿದ್ದು ನೇರ ಮುದ್ರಣದಲ್ಲಿ ಉಳಿದಿದೆ. ಕೆಲವೇ ವರ್ಷಗಳಲ್ಲಿ ಗ್ರೇವ್ಸ್, ಆ್ಯಂಡ್ರೂ ಸಿರಿಲ್, ರಶೀದ್ ಅಲಿ ತಮ್ಮ ತಮ್ಮ ರೀತಿಯಲ್ಲಿ ಅದೇ ದಾರಿ ಹಿಡಿದರು.

ಕಾಲ ಕಾಯುವ ಕೆಲಸ ತಪ್ಪಿದ ಮೇಲೆ ಡ್ರಮ್ ಏನು ಮಾಡಬೇಕು ಎಂಬ ಪ್ರಶ್ನೆಗೆ ಪ್ರತಿಯೊಬ್ಬರೂ ಬೇರೆ ಉತ್ತರ ಕೊಟ್ಟರು. ಮರ್ರೇ ಸಿಂಬಲ್‌ಗಳ ನಿರಂತರ ಮೊರೆತದಿಂದ ಎಲ್ಲರಿಗೂ ಒಂದು ಹಿನ್ನೆಲೆ ಹಾಸಿಕೊಟ್ಟರು. ಗ್ರೇವ್ಸ್ ಹಿನ್ನೆಲೆಗೆ ಹೋಗಲೇ ಇಲ್ಲ. ‘ಬಾಬಿ’ಯಲ್ಲಿ ಸ್ಯಾಕ್ಸೋಫೋನಿಗೂ ಡ್ರಮ್ಮಿಗೂ ನಡುವೆ ಸಾಥಿಯ ಸಂಬಂಧವಿಲ್ಲ, ಇದ್ದರೆ ಅದು ತಲೆಕೆಳಗಾಗಿದೆ ಎಂದೇ ಹೇಳುವೆ. ಮಾತು ಮುಂದುವರಿಯುವುದು ಡ್ರಮ್ಮಿನಲ್ಲಿ, ಊದುವವರು ಅದರ ಮೇಲೆ ಕೂಗಿ ಹೇಳುವ ಸಾಕ್ಷಿಗಳು. ಡ್ರಮ್ ನಿಂತರೆ ಇಡೀ ಸಂಗೀತ ನಿಲ್ಲುತ್ತದೆ. ಸ್ಯಾಕ್ಸೋಫೋನ್ ನಿಂತರೆ ನಿಲ್ಲುವುದಿಲ್ಲ.

ನಾಯಕತ್ವಕ್ಕೆ ವೇದಿಕೆಯ ಹೊರಗಿನ ಮುಖವೂ ಒಂದಿದೆ, ಬ್ಯಾಂಕಿನಲ್ಲಿ ಕೆಲಸ ಮಾಡಿದ ತಮಗೆ ಅದು ಆಸಕ್ತಿ ತರಬಹುದು. ಆ ಕಾಲದ ಕಪ್ಪು ಸಂಗೀತಗಾರರಲ್ಲಿ ಅನೇಕರಿಗೆ ತಮ್ಮ ಸಂಗೀತದ ಒಡೆತನ ಕಂಪನಿಗಳ ಕೈಯಲ್ಲಿದೆ ಎಂಬ ಅಸಮಾಧಾನ ತೀವ್ರವಾಗಿತ್ತು. 1966ರ ಏಪ್ರಿಲ್ 30ರಂದು ಗ್ರೇವ್ಸ್ ಮತ್ತು ಪಿಯಾನೊ ವಾದಕ ಡಾನ್ ಪುಲ್ಲೆನ್ ಯೇಲ್ ವಿಶ್ವವಿದ್ಯಾಲಯದಲ್ಲಿ ಕಚೇರಿ ಕೊಟ್ಟಾಗ ಅದರ ಮುದ್ರಿಕೆಯನ್ನು ತಾವಿಬ್ಬರೇ ಹೊರತಂದರು. ‘ಸ್ವಾವಲಂಬನೆ’ ಎಂಬ ಅರ್ಥದ ಹೆಸರನ್ನೇ ಲೇಬಲ್ಲಿಗೆ ಇಟ್ಟು, ಕೆಲವು ಪ್ರತಿಗಳ ಹೊದಿಕೆಗಳಿಗೆ ಕೈಯಾರೆ ಬಣ್ಣ ಬಳಿದರು. ಮುಂದೆ ಗ್ರೇವ್ಸ್ ಮತ್ತು ಸಿರಿಲ್ ಸೇರಿ ‘ಇನ್‌ಸ್ಟಿಟ್ಯೂಟ್ ಆಫ್ ಪರ್ಕಸಿವ್ ಸ್ಟಡೀಸ್’ ಎಂಬ ಲೇಬಲ್ ಆರಂಭಿಸಿದರು. 1974ರಲ್ಲಿ ಅದು ಹೊರತಂದ ‘ಡೈಲಾಗ್ ಆಫ್ ದ ಡ್ರಮ್ಸ್’ನಲ್ಲಿ ಇಬ್ಬರು ಡ್ರಮ್ ವಾದಕರಲ್ಲದೆ ಬೇರೆ ಯಾರೂ ಇಲ್ಲ. ‘ಬಾಬಿ’ಯೂ ಅದೇ ಲೇಬಲ್ಲಿನದು. ಜೊತೆಗಾರರನ್ನು ಆರಿಸಿದವರು, ನುಡಿಸಿದವರು, ಮುದ್ರಿಕೆಯನ್ನು ಅಚ್ಚುಹಾಕಿಸಿದವರು ಎಲ್ಲ ಒಬ್ಬರೇ ಆಗಿರುವಾಗ ನಾಯಕತ್ವವನ್ನು ಹೆಸರಿಗೆ ಮಾತ್ರ ಎನ್ನಲಾಗದು.

ಒಂದು ಮಾತನ್ನು ಸೇರಿಸಲೇಬೇಕು. 1984ರಲ್ಲಿ ಹೊರಬಂದ ‘ಪೀಸಸ್ ಆಫ್ ಟೈಮ್’ ಎಂಬ ಮುದ್ರಿಕೆಯಲ್ಲಿ ನಾಲ್ವರು ಡ್ರಮ್ ವಾದಕರು ಕೂಡಿದ್ದಾರೆ: ಸಿರಿಲ್, ಗ್ರೇವ್ಸ್, ಫಮೋಡು ಡಾನ್ ಮೋಯೆ, ಮತ್ತು ಮುಪ್ಪಿನ ಕೆನ್ನಿ ಕ್ಲಾರ್ಕ್. ಕಾಲವನ್ನು ಸಿಂಬಲ್‌ಗೆ ಏರಿಸಿದವರೂ ಕಾಲದ ಕಾವಲನ್ನೇ ತೊರೆದವರೂ ಜಗಳವಿಲ್ಲದೆ ಒಂದೇ ಕೋಣೆಯಲ್ಲಿ ಕುಳಿತು ನುಡಿಸಿದರು. ಪರಂಪರೆ ಮುರಿದುಹೋಯಿತು ಎಂದು ಆ ಕಾಲದ ವಿಮರ್ಶಕರು ಎಬ್ಬಿಸಿದ ಗದ್ದಲವನ್ನು ಓದುವಾಗ ನನಗೆ ಈ ಮುದ್ರಿಕೆಯ ನೆನಪಾಗುತ್ತದೆ.

ಪ್ರಶ್ನೆ: ಗ್ರೇವ್ಸ್ ತಬಲಾ ಕಲಿತಿದ್ದರೆಂದು ಓದಿದೆ. ಹಾಗಾದರೆ ‘ಬಾಬಿ’ಯಲ್ಲಿ ಭಾರತೀಯ ಸಂಗೀತದ ಪ್ರಭಾವವಿದೆ ಎಂದು ನಾವು ಹೇಳಿಕೊಳ್ಳಬಹುದೇ?
— ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ಕಲಿತದ್ದು ನಿಜ. 1965ರಲ್ಲಿ ಅವರು ವಸಂತ ಸಿಂಗ್ ಎಂಬುವರಲ್ಲಿ ತಬಲಾ ಅಭ್ಯಾಸ ಮಾಡಿದರು. ಹೇಳಿಕೊಳ್ಳಬಹುದೇ ಎಂಬುದಕ್ಕೆ ಮಾತ್ರ ಸ್ವಲ್ಪ ಸಂಯಮ ಬೇಕು. 1960ರ ದಶಕದಲ್ಲಿ ಪಶ್ಚಿಮದ ಎಷ್ಟೋ ಮಂದಿ ಭಾರತದಿಂದ ಸಿತಾರಿನ ಝೇಂಕಾರವನ್ನು ಎರವಲು ತಂದು ತಮ್ಮ ಹಾಡಿಗೆ ಒಗ್ಗರಣೆ ಹಾಕಿದರು. ಗ್ರೇವ್ಸ್ ಹಾಗೆ ಮಾಡಲಿಲ್ಲ. ‘ಬಾಬಿ’ಯಲ್ಲಿ ತೀನ್‌ತಾಲ್ ಇಲ್ಲ, ಕಾಯಿದಾ ಇಲ್ಲ, ತಿಹಾಯಿ ಇಲ್ಲ, ತಬಲಾ ಬೋಲ್‌ಗಳ ಪ್ರದರ್ಶನವೂ ಇಲ್ಲ. ಪ್ರಭಾವವನ್ನು ಹುಡುಕಬೇಕಾದದ್ದು ನಾದದಲ್ಲಿ.

ಸಾಮಾನ್ಯ ಡ್ರಮ್ ಸೆಟ್ಟಿನ ಟಾಮ್‌ಗಳಿಗೆ ಮೇಲೊಂದು ಕೆಳಗೊಂದು ಮುಚ್ಚಿಗೆ ಇರುತ್ತದೆ. ಗ್ರೇವ್ಸ್ ಕೆಳಗಿನ ಮುಚ್ಚಿಗೆಗಳನ್ನು ತೆಗೆದುಹಾಕಿದರು. ಒಂದೇ ಮುಚ್ಚಿಗೆಯ ಡ್ರಮ್ಮನ್ನು ಬಾರಿಸುತ್ತ ಕೈಯಿಂದಲೋ ಮೊಣಕೈಯಿಂದಲೋ ಒತ್ತಿದರೆ ಬಿಗುವು ಬದಲಾಗಿ ಸ್ವರ ಮೇಲೆ ಕೆಳಗೆ ಜಾರುತ್ತದೆ. ಡಗ್ಗಾದ (ತಬಲಾ ಜೋಡಿಯ ಎಡ ವಾದ್ಯದ) ಮೇಲೆ ಅಂಗೈಯ ಬುಡವನ್ನು ಒತ್ತಿ ಜಾರಿಸಿದಾಗ, ಅಥವಾ ಎಡಂತಲೆಯಲ್ಲಿ ಗುಮಕಿ ನುಡಿಸಿದಾಗ ಆಗುವುದೂ ಇದೇ. ಮೈಸೂರಿನ ವಿದ್ಯಾರ್ಥಿನಿಗೆ ಪರಿಚಿತವೆನಿಸಬಹುದು ಎಂದು ಮೇಲೆ ಹೇಳಿದ್ದು ಇದನ್ನೇ. ಅದರ ಜೊತೆಗೆ, ಸೈನ್ಯದ ಕವಾಯತಿನಿಂದ ಜಾಝ್‌ಗೆ ಬಂದ, ತಳದಲ್ಲಿ ತಂತಿ ಕಟ್ಟಿ ಚರಚರ ಸದ್ದು ಬರಿಸುವ ಸ್ನೇರ್ ಡ್ರಮ್ಮನ್ನು ಅವರು ತಮ್ಮ ಸೆಟ್ಟಿನಿಂದಲೇ ಕೈಬಿಟ್ಟರು. ಸ್ವರ ಹೊಮ್ಮಿಸದ ಸದ್ದು ತಮಗೆ ಬೇಡವೆಂಬ ನಿಲುವು ಅದು. ಮೃದಂಗಕ್ಕೂ ತಬಲಾಕ್ಕೂ ಶ್ರುತಿ ಸೇರಿಸಿಯೇ ಕಚೇರಿಗೆ ಕೂರುವ ನಮಗೆ ಇದರಲ್ಲಿ ಆಶ್ಚರ್ಯ ಕಾಣದಿರಬಹುದು; ಜಾಝ್ ಡ್ರಮ್ಮಿನ ಸಂದರ್ಭದಲ್ಲಿ ಇದು ದೊಡ್ಡ ತಿರುವು.

ಇಷ್ಟಕ್ಕೆ ಇದನ್ನೆಲ್ಲ ನಮ್ಮ ಲೆಕ್ಕಕ್ಕೆ ಬರೆದುಕೊಳ್ಳುವುದು ನ್ಯಾಯವಲ್ಲ. ಒಂದೇ ಮುಚ್ಚಿಗೆಯ, ಕೈಯಲ್ಲಿ ನುಡಿಸುವ ಕಾಂಗಾವನ್ನು ಅವರು ಚಿಕ್ಕಂದಿನಿಂದಲೇ ಬಲ್ಲವರು. ಫ್ರೀ ಜಾಝ್‌ಗೆ ಬರುವ ಮುನ್ನ, 1960ರ ದಶಕದ ಆರಂಭದಲ್ಲಿ, ನ್ಯೂಯಾರ್ಕಿನಲ್ಲಿ ಲ್ಯಾಟಿನ್ ನೃತ್ಯಸಂಗೀತದ ತಂಡವನ್ನು ನಡೆಸುತ್ತಿದ್ದರು. ಮುಂದೆ ಜಗತ್ಪ್ರಸಿದ್ಧರಾದ ಪಿಯಾನೊ ವಾದಕ ಚಿಕ್ ಕೊರಿಯಾ ಆ ತಂಡದಲ್ಲಿದ್ದರು. ಆಫ್ರಿಕಾದಿಂದ ಕ್ಯೂಬಾದ ಮೂಲಕ ಬಂದ ವಾದನಕ್ರಮವೇ ಅವರ ಕೈಯ ತಳಹದಿ, ತಬಲಾ ಅದಕ್ಕೆ ಮತ್ತೊಂದು ದಾರಿ ತೋರಿಸಿತು ಎಂದರೆ ಸರಿಯಾದೀತು.

ಇವೆರಡಕ್ಕಿಂತಲೂ ವಿಚಿತ್ರವಾದ ಮೂರನೆಯ ಮೂಲವೊಂದಿದೆ. ಅದು ಮನುಷ್ಯನ ಹೃದಯ. ಪಶುವೈದ್ಯಕೀಯ ಪ್ರಯೋಗಾಲಯದಲ್ಲಿ ತಂತ್ರಜ್ಞರಾಗಿ ಕೆಲಸ ಮಾಡಿದ್ದ ಗ್ರೇವ್ಸ್, ವೈದ್ಯರ ಕಲಿಕೆಗಾಗಿ ತಯಾರಾಗಿದ್ದ ಹೃದಯಬಡಿತಗಳ ಧ್ವನಿಮುದ್ರಿಕೆಯೊಂದನ್ನು ಕೇಳಿ ಅದರ ಬೆನ್ನುಹತ್ತಿದರು. ಆರೋಗ್ಯವಂತ ಹೃದಯ ಕೂಡ ಗಡಿಯಾರದಂತೆ ಸಮ ಅಂತರದಲ್ಲಿ ಬಡಿಯುವುದಿಲ್ಲ; ಎರಡು ಬಡಿತಗಳ ನಡುವಿನ ಬಿಡುವು ಉಸಿರಾಟಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತಲೇ ಇರುತ್ತದೆ. ಲಯವೆಂದರೆ ಸಮ ಅಂತರವೆಂಬ ನಂಬಿಕೆಯನ್ನು ದೇಹವೇ ಒಪ್ಪುವುದಿಲ್ಲವೆಂಬುದು ಅವರ ಜೀವನಪರ್ಯಂತದ ವಾದವಾಯಿತು. ಮುಂದೆ ಕಂಪ್ಯೂಟರ್ ಬಳಸಿ ನೂರಾರು ಜನರ ಹೃದಯದ ಸದ್ದನ್ನು ದಾಖಲಿಸಿ ವಿಶ್ಲೇಷಿಸಿದರು. 2018ರಲ್ಲಿ ಅವರಿಗೇ ಅಮೈಲಾಯ್ಡ್ ಕಾರ್ಡಿಯೊಮಯೋಪತಿ ಎಂಬ ಹೃದಯರೋಗ ಪತ್ತೆಯಾಯಿತು. ತಮ್ಮ ಹೃದಯವನ್ನೇ ಪರೀಕ್ಷಿಸುತ್ತ ಕೊನೆಯವರೆಗೂ ಕೆಲಸ ಮಾಡಿ 2021ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ ಹೃದಯಸಂಶೋಧನೆಯ ವೈದ್ಯಕೀಯ ಮೌಲ್ಯವನ್ನು ಅಳೆಯುವ ಅರ್ಹತೆ ಸಂಗೀತ ಅಂಕಣಕ್ಕಿಲ್ಲ. ಡ್ರಮ್ ನುಡಿಸುವ ಕೈಗೆ ಅದು ಕೊಟ್ಟ ಧೈರ್ಯವನ್ನು ಮಾತ್ರ ‘ಬಾಬಿ’ಯಲ್ಲಿ ಕೇಳಬಹುದು.

ಪ್ರಶ್ನೆ: ಹತ್ತು ನಿಮಿಷ ಕೇಳುವಷ್ಟರಲ್ಲಿ ಮನೆಯವರು ಬಂದು ನಿಲ್ಲಿಸಿದರು. ನನಗೂ ಸಮಾಧಾನವೇ ಆಯಿತು. ಇದು ಗದ್ದಲವಲ್ಲವೆಂದು ತಾವು ಪ್ರಾಮಾಣಿಕವಾಗಿ ಹೇಳುವಿರಾ?
— ಶಿಕ್ಷಕರು, ಹಾಸನ

ಉತ್ತರ: ಗದ್ದಲ ಇದೆ. ಡಾಯ್ಲ್ ಅವರ ಸ್ಯಾಕ್ಸೋಫೋನು ಇಂಪಾಗಿರಬೇಕೆಂಬ ಉದ್ದೇಶವನ್ನೇ ಇಟ್ಟುಕೊಂಡಿಲ್ಲ. ಕೆಲವೆಡೆ ಅದು ಒಂದೇ ಎತ್ತರದಲ್ಲಿ ಬಹಳ ಹೊತ್ತು ನಿಂತುಬಿಡುತ್ತದೆ, ಅಲ್ಲಿ ನನಗೂ ಬೇಸರವಾಗುತ್ತದೆ. ಗ್ಲೋವರ್ ಅವರ ಕೊಡುಗೆ ಅದೇ ಗದ್ದಲದಲ್ಲಿ ಎಷ್ಟೋ ಸಲ ಮುಳುಗಿಹೋಗುತ್ತದೆ. ಅವರ ವಾದ್ಯದ ದನಿ ಮೇಲೆದ್ದು ಬರುವ ಕಡೆಗಳಲ್ಲಿ ಅದು ಇನ್ನಷ್ಟು ಬೇಕಿತ್ತು ಎನಿಸುತ್ತದೆ. ಆದರೆ ಗ್ರೇವ್ಸ್ ನುಡಿಸುತ್ತಿರುವುದನ್ನು ಗದ್ದಲವೆನ್ನಲು ನಾನು ಸಿದ್ಧನಿಲ್ಲ, ಏಕೆಂದರೆ ಎಷ್ಟೇ ವೇಗದಲ್ಲಿಯೂ ಅವರ ಒಂದೊಂದು ಪೆಟ್ಟಿನ ಸ್ವರ ಬಿಡಿಬಿಡಿಯಾಗಿ ಕೇಳಿಸುತ್ತದೆ. ಫೋನಿನ ಸ್ಪೀಕರಿನಲ್ಲಿ ಕೇಳಿದ್ದರೆ ಆ ತಗ್ಗುಸ್ವರಗಳೆಲ್ಲ ಅಳಿಸಿಹೋಗಿ ಸ್ಯಾಕ್ಸೋಫೋನಿನ ಚೀರಾಟವೊಂದೇ ಉಳಿದಿರುತ್ತದೆ; ಹಾಗಾಗಿದ್ದರೆ ಮನೆಯವರ ಪಕ್ಷವೇ ಸರಿ. ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳಿ. ಆಗಲೂ ಹಿಡಿಸದಿದ್ದರೆ ಬಿಟ್ಟುಬಿಡಿ, ಇದನ್ನು ಮೆಚ್ಚದವರು ಸಂಗೀತ ತಿಳಿಯದವರೆಂದು ಯಾರೂ ಬರೆದಿಟ್ಟಿಲ್ಲ.

ಪ್ರಶ್ನೆ: ಇದನ್ನು ಸ್ಟುಡಿಯೊದಲ್ಲಿ ನುಡಿಸಿದ್ದರೆ ಇನ್ನೂ ಸ್ಪಷ್ಟವಾಗಿ ಬರುತ್ತಿರಲಿಲ್ಲವೇ? ಬಾನುಲಿ ಕೇಂದ್ರದಲ್ಲಿ ಇಂಥ ಕಚೇರಿ ನಡೆಸುವ ಪದ್ಧತಿ ಅಲ್ಲಿತ್ತೇ?
— ನ್ಯೂಜೆರ್ಸಿಯ ಓದುಗರು

ಉತ್ತರ: ಸ್ಪಷ್ಟತೆ ಹೆಚ್ಚುತ್ತಿತ್ತು, ಸಂಗೀತ ಕಡಿಮೆಯಾಗುತ್ತಿತ್ತೇನೋ. ತಾಳವಿರುವ ಸಂಗೀತವನ್ನು ಭಾಗಭಾಗವಾಗಿ ಮುದ್ರಿಸಿ ಜೋಡಿಸಬಹುದು, ತಪ್ಪಿದ ಸಾಲನ್ನು ಮತ್ತೆ ನುಡಿಸಿ ಅದೇ ಜಾಗಕ್ಕೆ ಕೂರಿಸಬಹುದು, ಏಕೆಂದರೆ ಎಲ್ಲರಿಗೂ ಸಮಾನವಾದ ಎಣಿಕೆಯೊಂದು ಅಲ್ಲಿ ಇರುತ್ತದೆ. ಇಲ್ಲಿ ಒಬ್ಬರ ಉಸಿರು ಇನ್ನೊಬ್ಬರ ಪೆಟ್ಟನ್ನು ಹುಟ್ಟಿಸುವುದರಿಂದ ಯಾವ ತುಂಡನ್ನೂ ಹೊರತೆಗೆಯುವಂತಿಲ್ಲ. ಗ್ರೇವ್ಸ್ ನುಡಿಸುತ್ತ ಬಾಯಲ್ಲಿಯೂ ಕೂಗುತ್ತಾರೆ; ಎದುರಿಗೆ ಜನರಿಲ್ಲದೆ ಗಾಜಿನ ಕೋಣೆಯಲ್ಲಿ ಆ ಕೂಗು ಅದೇ ಬಿಸಿಯಲ್ಲಿ ಬರುತ್ತಿತ್ತೆಂದು ನನಗನ್ನಿಸುವುದಿಲ್ಲ.

ಪದ್ಧತಿ ಇತ್ತು. ಡಬ್ಲ್ಯು.ಬಿ.ಎ.ಐ. ಜಾಹೀರಾತುಗಳಿಲ್ಲದೆ ಕೇಳುಗರ ದೇಣಿಗೆಯಿಂದ ನಡೆಯುವ ಕೇಂದ್ರ. 1960ರಿಂದ ಅದು ಪೆಸಿಫಿಕಾ ಪ್ರತಿಷ್ಠಾನಕ್ಕೆ ಸೇರಿದೆ. ವ್ಯಾಪಾರಿ ಬಾನುಲಿಯಲ್ಲಿ ಜಾಗ ಸಿಗದ ಸಂಗೀತಕ್ಕಾಗಿ ಅದು ‘ಫ್ರೀ ಮ್ಯೂಸಿಕ್ ಸ್ಟೋರ್’ ಎಂಬ ಕಚೇರಿ ಮಾಲೆಯನ್ನು ನಡೆಸುತ್ತಿತ್ತು. ‘ಬಾಬಿ’ ನುಡಿದದ್ದು ಆ ಮಾಲೆಯಲ್ಲಿ. ಕ್ಲಬ್ಬುಗಳು ಫ್ರೀ ಜಾಝ್‌ಗೆ ಬಾಗಿಲು ಮುಚ್ಚಿದ್ದ ಆ ವರ್ಷಗಳಲ್ಲಿ ಸಂಗೀತಗಾರರು ಮ್ಯಾನ್‌ಹಟನ್ನಿನ ಖಾಲಿ ಗೋದಾಮು ಮಹಡಿಗಳನ್ನು ಬಾಡಿಗೆಗೆ ಹಿಡಿದು ತಾವೇ ಕಚೇರಿ ನಡೆಸುತ್ತಿದ್ದರು: ಬಾಂಡ್ ಸ್ಟ್ರೀಟಿನಲ್ಲಿ ಸ್ಯಾಮ್ ರಿವರ್ಸ್ ದಂಪತಿಯ ‘ಸ್ಟುಡಿಯೊ ರಿವ್‌ಬೀ’, ಗ್ರೀನ್ ಸ್ಟ್ರೀಟಿನಲ್ಲಿ ರಶೀದ್ ಅಲಿ ಅವರ ‘ಅಲೀಸ್ ಆ್ಯಲಿ’. ‘ಬಾಬಿ’ ಮುದ್ರಣಗೊಂಡ ಎರಡು ತಿಂಗಳಿಗೆ, 1976ರ ಮೇ ತಿಂಗಳಲ್ಲಿ, ರಿವ್‌ಬೀಯ ಕಚೇರಿಗಳನ್ನು ಮುದ್ರಿಸಿ ‘ವೈಲ್ಡ್‌ಫ್ಲವರ್ಸ್’ ಎಂಬ ಐದು ಎಲ್‌ಪಿಗಳಾಗಿ ಹೊರತಂದರು. ಅದರಲ್ಲಿ ಮರ್ರೇ, ಸಿರಿಲ್ ಇಬ್ಬರೂ ಇದ್ದಾರೆ, ಗ್ರೇವ್ಸ್ ಇಲ್ಲ. ಅಷ್ಟರಲ್ಲಿ ಅವರು ವರ್ಮಾಂಟ್ ರಾಜ್ಯದ ಬೆನಿಂಗ್ಟನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. 1973ರಲ್ಲಿ ಸೇರಿದ ಆ ಹುದ್ದೆಯಲ್ಲಿ ಸುಮಾರು ನಾಲ್ಕು ದಶಕ ಮುಂದುವರಿದರು. ಸಂಬಳ ಕೊಡುವ ಕೆಲಸವೊಂದಿದ್ದುದರಿಂದಲೇ ಅವರು ಮುದ್ರಿಕೆ ಕಂಪನಿಗಳ ಹಂಗಿಲ್ಲದೆ, ವರ್ಷಗಟ್ಟಲೆ ಏನನ್ನೂ ಹೊರತರದೆ ಇರಬಲ್ಲವರಾದರು. ಕೇಳುಗರ ದೃಷ್ಟಿಯಿಂದ ಅದು ನಷ್ಟವೂ ಹೌದು.

ಪ್ರಶ್ನೆ: ‘ಬಾಬಿ’ ನನಗೆ ಬಹಳ ಹಿಡಿಸಿತು. ಮುಂದೆ ಏನು ಕೇಳಲಿ? ಕರ್ನಾಟಕದ ತಾಳವಾದ್ಯಗಾರರು ಜಾಝ್‌ನವರೊಂದಿಗೆ ನುಡಿಸಿದ್ದುಂಟೇ?
— ಪದವಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಉಂಟು. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡವು ಗಾಯಕಿ ಆರ್.ಎ. ರಮಾಮಣಿ ಅವರೊಂದಿಗೆ, ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆಗೂಡಿ 1983ರಲ್ಲಿ ಜರ್ಮನಿಯ ಇ.ಸಿ.ಎಂ. ಸಂಸ್ಥೆಗಾಗಿ ‘ಜ್ಯೋತಿ’ ಎಂಬ ಮುದ್ರಿಕೆ ಮಾಡಿತು. ಮರಿಯಾನೊ ನಾಗಸ್ವರವನ್ನು ಕಲಿತಿದ್ದವರು. ಆದರೆ ‘ಜ್ಯೋತಿ’ಯನ್ನು ಫ್ರೀ ಜಾಝ್ ಎನ್ನಲಾಗದು, ಅಲ್ಲಿ ತಾಳ ಭದ್ರವಾಗಿದೆ, ಸ್ಯಾಕ್ಸೋಫೋನೇ ಅದಕ್ಕೆ ಹೊಂದಿಕೊಂಡು ಬಂದಿದೆ. ‘ಬಾಬಿ’ಯ ಮರುದಿನ ಅದನ್ನು ಕೇಳಿದರೆ ಎರಡರ ದಾರಿಯೂ ಎಷ್ಟು ಬೇರೆ ಎಂಬುದು ತಿಳಿಯುತ್ತದೆ.

ಗ್ರೇವ್ಸ್ ಅವರದ್ದೇ ಬೇಕಾದರೆ, ಡಾನ್ ಪುಲ್ಲೆನ್ ಜೊತೆಗಿನ ಯೇಲ್ ಕಚೇರಿಯನ್ನು ಮೊದಲು ಕೇಳಿ. ಪಿಯಾನೊ ಮತ್ತು ಡ್ರಮ್ ಎರಡೇ ಇರುವುದರಿಂದ ಯಾರು ಏನು ಮಾಡುತ್ತಿದ್ದಾರೆ ಎಂಬುದು ನಿಚ್ಚಳವಾಗಿದೆ, ನನ್ನ ಮಟ್ಟಿಗೆ ಅದು ‘ಬಾಬಿ’ಗಿಂತ ಒಂದು ತೂಕ ಹೆಚ್ಚಿನದು. ಅನಂತರ ಜಾನ್ ಕೋಲ್ಟ್ರೇನ್ ಮತ್ತು ರಶೀದ್ ಅಲಿ ಇಬ್ಬರೇ 1967ರ ಫೆಬ್ರುವರಿಯಲ್ಲಿ ಮುದ್ರಿಸಿದ ‘ಇಂಟರ್‌ಸ್ಟೆಲ್ಲರ್ ಸ್ಪೇಸ್’. ಅಲ್ಲಿ ಮುಂದಾಳು ಸ್ಯಾಕ್ಸೋಫೋನ್, ಹಾಗಾಗಿ ತಾಳ ಬಿಟ್ಟ ಡ್ರಮ್ ಸಾಥಿಯಾದಾಗ ಹೇಗಿರುತ್ತದೆಂದು ಹೋಲಿಸಿ ನೋಡಬಹುದು. ಗ್ರೇವ್ಸ್ ಒಬ್ಬರೇ ನುಡಿಸಿದ್ದು ಬೇಕೆನಿಸಿದರೆ 1998ರ ‘ಗ್ರ್ಯಾಂಡ್ ಯೂನಿಫಿಕೇಷನ್’ ಇದೆ. ‘ಬಾಬಿ’ಯ ಹಳೆಯ ಎಲ್‌ಪಿಗೆ ಸಂಗ್ರಾಹಕರು ಕೇಳುವ ಬೆಲೆ ವಿದ್ಯಾರ್ಥಿಗಳಿಗೆ ಎಟುಕುವಂಥದ್ದಲ್ಲ, ಆದರೆ ಷಿಕಾಗೊದ ಕಾರ್ಬೆಟ್ ವರ್ಸಸ್ ಡೆಂಪ್ಸಿ ಸಂಸ್ಥೆ 2018ರಲ್ಲಿ ಅದನ್ನು ಎರಡು ಸಿಡಿಗಳಾಗಿ ಮರುಪ್ರಕಟಿಸಿದೆ. ಎರಡನೆಯ ಸಿಡಿಯಲ್ಲಿ ಇದೇ ಮೂವರು 1969ರಲ್ಲಿ ನುಡಿಸಿದ್ದು ಇದೆ. ಅದನ್ನು ಅದೇ ದಿನ ಕೇಳಬೇಡಿ, ಕಿವಿ ತಡೆಯುವುದಿಲ್ಲ.